ಕೇಪಿನ ಕೋವಿಯ ಅಭ್ಯಾಸ ಅಲ್ಲಿನ ರೈಫಲ್ಲಿಗೆ ಬೇಡ

ಆಟಿಯ ಮಳೆಯಲ್ಲಿ ಉಡುಪಿಗೆ ಬಂದಾಗಲೆಲ್ಲ ಪರದೇಶಕ್ಕೆ ಹೊರಟ ಮಕ್ಕಳು ಯಾರಾದರೂ ನಮ್ಮ ಚಾವಡಿಗೆ ಬರುತ್ತಾರೆ. ಈ ಸಲ ಬಂದ ಮೂವರು ನಾನಿರುವ ಪೆನ್ಸಿಲ್ವೇನಿಯಾಕ್ಕೇ ಹೊರಟವರು. ಮನೆ ಬಾಡಿಗೆ, ಚಳಿ ಬಟ್ಟೆ ಎಲ್ಲ ಮಾತಾಡಿದ ಮೇಲೆ ಒಬ್ಬ ಕೇಳಿದ: "ಮಾಮ, ಅಲ್ಲಿ ಜಿಂಕೆ ಬೇಟೆಗೆ ಹೋಗಬಹುದಂತೆ, ಹೌದಾ?"

ಹೌದು. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಶನಿವಾರ ಅಲ್ಲಿ ರೈಫಲ್ ಸೀಸನ್ ಶುರು. ಆದರೆ ಮೊದಲು ಕಾಗದಪತ್ರ ಮಾರಾಯ್ರೆ. ಓದಲು ಹೋಗುವವರ ಎಫ್-1, ಕೆಲಸಕ್ಕೆ ಹೋಗುವವರ ಎಚ್-1ಬಿಯಂಥ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಬಳಿಯಲ್ಲಿಟ್ಟುಕೊಳ್ಳುವುದೇ ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಲೈಸೆನ್ಸ್ ಕೈಗೆ ಬರುವವರೆಗೆ ಗೆಳೆಯನ ರೈಫಲ್ ಮುಟ್ಟಬೇಡಿ, ಸಂಶಯ ಇದ್ದರೆ ವಕೀಲರನ್ನು ಕೇಳಿ. ಬೇಟೆಗೆ ಒಯ್ದ ಚೀಲವನ್ನು ಊರಿಗೆ ಬರುವಾಗ ತರಲೇಬೇಡಿ. ಅದರ ಮೂಲೆಯಲ್ಲಿ ಮರೆತು ಉಳಿದ ಒಂದೇ ಒಂದು ತೋಟೆ ಸಾಕು, ಬಜ್ಪೆ ವಿಮಾನ ನಿಲ್ದಾಣದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ನಿಮ್ಮ ಮೇಲೆ ಬೀಳಲಿಕ್ಕೆ.

ಇನ್ನು ನಾನು ಹೇಳಲೇಬೇಕಾದದ್ದು ನಳಿಗೆ ಶುಚಿ ಮಾಡುವ ವಿಷಯ. ನಮ್ಮ ಕಡೆಯ ಹುಡುಗರು ತಪ್ಪುವುದು ಇಲ್ಲೇ. ನಾವು ಚಿಕ್ಕಂದಿನಲ್ಲಿ ನೋಡಿದ್ದು ತೋಟದ ಮನೆಯ ಕೇಪಿನ ಕೋವಿ. ಮದ್ದು ತುಂಬುವುದು ಬಾಯಿಯಿಂದ, ತೊಳೆಯುವುದೂ ಬಾಯಿಯಿಂದ. ಅಪ್ಪ ಬಿಸಿನೀರು ಹೊಯ್ದು, ಕಬ್ಬಿಣದ ಸಲಾಕೆಗೆ ಬಟ್ಟೆ ಸುತ್ತಿ ಹಿಂದೆ ಮುಂದೆ ತಿಕ್ಕಿ, ಕೊನೆಗೆ ತೆಂಗಿನೆಣ್ಣೆ ಸವರುತ್ತಿದ್ದರು. ಆ ಕೋವಿಗೆ ಅದು ಸರಿಯೇ: ಕರಿಮದ್ದಿನ ಕಿಟ್ಟ ನೀರಿಗೆ ಕರಗುತ್ತದೆ, ನಳಿಗೆಯ ಒಳಗೂ ನುಣುಪು. ರೈಫಲ್ಲಿನ ಒಳಗೆ ಹಾಗಲ್ಲ, ಸುರುಳಿ ಗೀರುಗಳು ಉಂಟು. ಗುಂಡನ್ನು ತಿರುಗಿಸಿ ನೇರ ಕಳಿಸುವುದು ಆ ಗೀರುಗಳೇ. ಗುಂಡಿನ ಮೇಲಿನ ತಾಮ್ರದ ಕವಚ ಸವೆದು ಅದೇ ಗೀರುಗಳಲ್ಲಿ ಅಂಟಿಕೊಳ್ಳುತ್ತದೆ, ಅದಕ್ಕೆ ನೀರು ನಾಟುವುದಿಲ್ಲ.

ಬ್ರಶ್ ನಿಮ್ಮ ನಳಿಗೆಯ ಅಳತೆಯದ್ದೇ ಆಗಿರಬೇಕು. .308, .30-06, .300 ವಿನ್ ಮ್ಯಾಗ್ ಎಂಬ ರೈಫಲ್ಲುಗಳು ಉಂಟು, ಮೂರರ ತೋಟೆ ಬೇರೆ ಬೇರೆ, ಆದರೆ ಗುಂಡಿನ ದಪ್ಪ ಒಂದೇ. ಹಾಗಾಗಿ ಮೂರಕ್ಕೂ .30 ಕ್ಯಾಲಿಬರಿನ ಬ್ರಶ್ಶೇ ಆಗುತ್ತದೆ. .243ಕ್ಕೆ ಅದು ಹೋಗದು. ಸಣ್ಣ ಬ್ರಶ್ ಗೀರಿನ ತಳ ಮುಟ್ಟುವುದಿಲ್ಲ, ದೊಡ್ಡದು ನಡುವೆ ಸಿಕ್ಕಿಬೀಳುತ್ತದೆ. ಮಸಿ ಕಳೆಯಲು ಕಂಚಿನ ಬ್ರಶ್ ಒಳ್ಳೆಯದು. ಉಕ್ಕಿನದನ್ನು ನಾನು ಮನೆಯೊಳಗೆ ತರುವುದಿಲ್ಲ. ತಾಮ್ರ ಕರಗಿಸುವ ಅಮೋನಿಯಾ ಸಾಲ್ವೆಂಟ್ ಹಾಕುವಾಗ ಮಾತ್ರ ನೈಲಾನ್ ಹಿಡಿಯಿರಿ. ಆ ದ್ರಾವಣ ಕಂಚನ್ನೂ ತಿನ್ನುತ್ತದೆ, ಒಳಗೆ ದಾಟಿಸುವ ಬಟ್ಟೆಯ ತುಂಡು, ಎಂದರೆ ಪ್ಯಾಚ್, ನೀಲಿಯಾಗಿ ಬರುತ್ತದೆ. ನಳಿಗೆಯಲ್ಲಿ ಇನ್ನೂ ತಾಮ್ರ ಉಂಟೆಂದು ತಿಕ್ಕುತ್ತಲೇ ಇರುತ್ತೀರಿ, ಬಣ್ಣ ಬಿಡುತ್ತಿರುವುದು ನಿಮ್ಮ ಬ್ರಶ್ಶೇ.

ಕೆಲಸ ಹೀಗೆ. ತೋಟೆಗಳನ್ನು ಬೇರೆ ಕೋಣೆಯಲ್ಲಿಡಿ. ರೈಫಲ್ ಖಾಲಿ ಉಂಟೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆಯಿರಿ. ಕಿಟಕಿ ತೆರೆದಿಡಿ. ರಾಡ್ ನೇರ ಹೋಗಲು ಹಿಂದೆ ಕೂರಿಸುವ ಕೊಳವೆ, ಬೋರ್ ಗೈಡ್, ಹಾಕಿ, ಜೋಡಣೆಯಿಲ್ಲದ ಒಂದೇ ತುಂಡಿನ ರಾಡನ್ನು ಹಿಂದಿನಿಂದ, ಎಂದರೆ ತೋಟೆ ಕೂರುವ ಕಡೆಯಿಂದ ತೂರಿಸಿ. ಮೊದಲು ಸಾಲ್ವೆಂಟಿನಲ್ಲಿ ನೆನೆಸಿದ ಪ್ಯಾಚ್. ಅದು ಹೊತ್ತು ತರುವ ಮಸಿ ಒಳಗಿದ್ದಾಗಲೇ ಬ್ರಶ್ ಹಾಕಿದರೆ ಅದನ್ನೇ ಅರೆದ ಹಾಗೆ. ಆಮೇಲೆ ಬ್ರಶ್, ಹತ್ತು ಸಲ. ಪ್ರತಿ ಸಲ ಬಾಯಿಂದ ಪೂರ್ತಿ ಹೊರಗೆ ಬರಬೇಕು, ನಡುವೆ ದಿಕ್ಕು ಬದಲಿಸಬಾರದು. ನಡುವೆ ಹಿಂದೆಳೆದರೆ ಎಳೆಗಳು ಮಡಚಿ ಬ್ರಶ್ ಸಿಕ್ಕಿಕೊಳ್ಳುತ್ತದೆ.

ನಳಿಗೆಯ ಬಾಯಿಯ ಅಂಚಿಗೆ ಕ್ರೌನ್ ಎನ್ನುತ್ತಾರೆ. ಗುಂಡು ಕೊನೆಗೆ ಬಿಡುವುದು ಆ ಅಂಚನ್ನೇ. ಅಲ್ಲಿ ರಾಡ್ ಉಜ್ಜಿ ಒಂದು ಬದಿ ಸವೆದರೆ ಗುರಿ ಹಾಳು. ಹಾಗಾಗಿಯೇ ಅಪ್ಪನ ದಾರಿ ಅಲ್ಲಿ ಬೇಡ ಎನ್ನುವುದು. ಕೆಳಗಿನ ಹಿಡಿ ಆಡಿಸಿ ತೋಟೆ ಏರಿಸುವ ಕೆಲವು ಲಿವರ್ ಆಕ್ಷನ್ ರೈಫಲ್ಲುಗಳಿಗೆ ಬಾಯಿಯಿಂದಲ್ಲದೆ ದಾರಿ ಇಲ್ಲ, ಅವಕ್ಕೆ ಬಾಯಿಗೆ ಗಾರ್ಡ್ ಹಾಕಿಯೇ ರಾಡ್ ಇಳಿಸಿ.

ಆಮೇಲೆ ಒಣ ಪ್ಯಾಚ್, ಬಿಳಿಯಾಗಿ ಬರುವವರೆಗೆ. ಅಮೋನಿಯಾ ಸಾಲ್ವೆಂಟನ್ನು ರಾತ್ರಿಯಿಡೀ ಒಳಗೆ ಬಿಡಬೇಡಿ. ಕೊನೆಗೆ ಗನ್ ಆಯಿಲ್ ತೆಳ್ಳಗೆ. ಮೊದಲ ವರ್ಷ ನಾನು ಊರಿನ ನೆನಪಿನಲ್ಲಿ ತೆಂಗಿನೆಣ್ಣೆ ಹಚ್ಚಿದ್ದೆ. ಅದು 24 ಡಿಗ್ರಿಯ ಸುಮಾರಿಗೇ ಹೆಪ್ಪುಗಟ್ಟುವ ಎಣ್ಣೆ. ನವೆಂಬರಿನ ಬೆಳಿಗ್ಗೆ ನಳಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಗೀರುಗಳ ಉದ್ದಕ್ಕೂ ಬಿಳಿ ಮೇಣ. ಅದನ್ನು ತೆಗೆಯಲು ಅರ್ಧ ದಿನ ಹೋಯಿತು.

ತುಕ್ಕಿನ ಭಯ ನಮ್ಮ ಮಳೆಗಾಲಕ್ಕೆ ಮಾತ್ರ ಎಂದು ತಿಳಿಯಬೇಡಿ. ಹಿಮದಿಂದ ಬಿಸಿ ಮನೆಯೊಳಗೆ ತಂದ ರೈಫಲ್ ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಬೆವರುತ್ತದೆ. ಕೇಸಿನೊಳಗೇ ನಿಧಾನವಾಗಿ ಬೆಚ್ಚಗಾಗಲು ಬಿಡಿ, ಮತ್ತೆ ತೆಗೆದು ಒರೆಸಿ. ಕೆಲಸ ಮುಗಿದ ಮೇಲೆ ಕೈ ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬೇಡಿ, ಆ ಮಸಿಯಲ್ಲಿ ಸೀಸ ಉಂಟು.

ಸೀಸನ್ನಿನ ದಿನ ಮನೆ ಬಿಡುವ ಮುಂಚೆ ಮತ್ತೊಂದು ಒಣ ಪ್ಯಾಚ್ ದಾಟಿಸಿ. ನಳಿಗೆಯಲ್ಲಿ ಎಣ್ಣೆ ಉಳಿದರೆ ಮೊದಲ ಗುಂಡು ಹೇಳಿದಲ್ಲಿಗೆ ಹೋಗುವುದಿಲ್ಲ. ಪ್ಯಾಚ್ ಒದ್ದೆಯಾಗಿ ಬಂದರೆ ಇನ್ನೊಂದು ಹಾಕಿ.