ಫೀಲ್ಡ್ ಬ್ಲೆಂಡ್ ಕೆಂಪು ವೈನ್ ರುಚಿ ನೋಡುವವರಿಗೆ

ಫೀಲ್ಡ್ ಬ್ಲೆಂಡ್ ಅಂದ್ರೆ ನಮ್ಮ ಅಕ್ಕಡಿ ಬೆಳೆ ಇದ್ದ ಹಾಗೆ. ಒಂದೇ ತೋಟದಲ್ಲಿ ಹಲವು ತಳಿ ದ್ರಾಕ್ಷಿ. ಕೊಯ್ಲೂ ಒಟ್ಟಿಗೆ, ಹುದುಗು ಬರಿಸುವುದೂ ಒಟ್ಟಿಗೆ. ಪೋರ್ಚುಗಲ್‌ನ ಡೋರು ಕಣಿವೆಯ ಹಳೇ ತೋಟಗಳಲ್ಲಿ ಈಗಲೂ ಹೀಗೇ ಇದೆ. ಹಾಗಾಗಿ ಕುಡಿಯುವಾಗ ಯಾವ ತಳಿ ಅಂತ ಹುಡುಕಬೇಡಿ, ಸುಮ್ನೆ ತಲೆಬಿಸಿ. ಮೊದಲ ಗುಟುಕಿನಲ್ಲಿ ಹುಳಿ, ಒಗರು ಎಷ್ಟಿದೆ ನೋಡಿ. ಗ್ಲಾಸನ್ನು ಅರ್ಧ ಗಂಟೆ ಬಿಟ್ಟು ಮತ್ತೆ ಮೂಸಿ, ಪರಿಮಳ ಬದಲಾಗಿರುತ್ತದೆ.

ದಾವಣಗೆರೆ ಬಿಸಿಲಲ್ಲಿ ಬಾಟಲಿ ಹೊರಗಿಟ್ಟರೆ ಆಲ್ಕೋಹಾಲ್ ಘಾಟೇ ಜಾಸ್ತಿ. 16ರಿಂದ 18 ಡಿಗ್ರಿ ಇರಬೇಕು. ಒಂದು ಗಂಟೆ ಫ್ರಿಜ್‌ನಲ್ಲಿಡಿ. ಜೊತೆಗೆ ಬರೀ ಮಂಡಕ್ಕಿ ಸಾಕು, ಮಿರ್ಚಿ ಬೇಡ. ಖಾರದ ಮೇಲೆ ವೈನ್ ಬಿದ್ದರೆ ಉರಿ ಇನ್ನೂ ಏರುತ್ತದೆ. ನಾನು ಒಮ್ಮೆ ಎರಡನ್ನೂ ಸೇರಿಸಿ, ತಪ್ಪೆಲ್ಲ ಬಾಟಲಿಯದ್ದೇ ಅಂತ ಬೈದಿದ್ದೆ!