ಹಲ್ಲು ಎಣಿಸಿದೆ, ಗಂಟಲ ಮೂಳೆ ಬಿಸಾಕಿದೆ

ನಾನು ಮೊದಲು ಮಾಂಸ ಬಿಡಿಸಿ ತೆಗೆದ ತಲೆಬುರುಡೆ ಕಾರವಾರದ ಕಡೆ ದಡಕ್ಕೆ ಬಿದ್ದಿದ್ದ ಒಂದು ಕಡಲಹಂದಿಯದು (ಪೋರ್ಪಾಯಿಸ್). ಡಾಲ್ಫಿನ್, ತಿಮಿಂಗಿಲಗಳ ಬಳಗದ್ದು. ಬೆನ್ನ ಮೇಲೆ ರೆಕ್ಕೆ ಇಲ್ಲದ ಜಾತಿ. ವನ್ಯಜೀವಿ ಕಾಯ್ದೆಯ 1ನೇ ಅನುಸೂಚಿಯಲ್ಲಿರುವುದರಿಂದ ಸತ್ತದ್ದನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಕಾಗದಪತ್ರ ಮುಗಿಸಿ ಚಾಕು ಹಿಡಿದಾಗ ವಾಸನೆ ಹೇಗಿತ್ತು ಅಂತ ಬರೆಯುವುದಿಲ್ಲ. ನೀವು ಊಟ ಮಾಡಬೇಕಲ್ವಾ.

ಮಾಂಸ ಆದಷ್ಟು ಕೆರೆದು, ತಲೆಯನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟೆ. ಉಳಿದದ್ದು ಕೊಳೆತು ತಾನಾಗಿ ಬಿಟ್ಟುಕೊಳ್ಳುತ್ತದೆ. ಬ್ಲೀಚಿಂಗ್ ಪೌಡರ್ ಮಾತ್ರ ಹಾಕಬೇಡಿ, ಮೂಳೆ ಹಾಳಾಗುತ್ತದೆ. ಸಡಿಲವಾದ ಹಲ್ಲು ಉದುರಿ ಹೋಗಬಾರದೆಂದು ನೀರು ಬದಲಿಸುವಾಗೆಲ್ಲ ಚಹಾ ಸೋಸುವ ಜಾಲರಿ ಹಿಡಿಯುತ್ತಿದ್ದೆ. ಡಾಲ್ಫಿನ್ನಿನ ಹಲ್ಲು ಮೊಳೆಯಂತೆ ಮೊನಚು. ಇದರದು ಪುಟ್ಟ ಗುದ್ದಲಿಯಂತೆ ಚಪ್ಪಟೆ. ಒಂದೊಂದನ್ನೇ ಎಣಿಸಿ, ಅಂಟಿಸಿ, ಭಾರೀ ಖುಷಿಪಟ್ಟೆ.

ತಪ್ಪು ಅದಕ್ಕೂ ಮೊದಲೇ ಆಗಿಹೋಗಿತ್ತು. ಮಾಂಸ ಕೆರೆಯುವಾಗ ನಾಲಿಗೆಯ ಬುಡವನ್ನು ಸುಮ್ನೆ ಕತ್ತರಿಸಿ ಗುಂಡಿಗೆ ಹಾಕಿದ್ದೆ. ಹಯಾಯ್ಡ್ ಮೂಳೆ ಇದ್ದದ್ದು ಅದರೊಳಗೆ. ನಮ್ಮ ಗಂಟಲಲ್ಲೂ ಒಂದಿದೆ, ಕುದುರೆ ಲಾಳದ ಆಕಾರದ ಚಿಕ್ಕದು. ಹೀರಿ ತಿನ್ನುವ ತಿಮಿಂಗಿಲಗಳಲ್ಲಿ ಅದು ಅಗಲ, ಗಟ್ಟಿ. ಎದೆಮೂಳೆಯಿಂದ ಬರುವ ಸ್ನಾಯು ಅದನ್ನು ಹಿಂದಕ್ಕೆ ಎಳೆದರೆ ನಾಲಿಗೆಯೂ ಜೊತೆಗೆ ಸರಿಯುತ್ತದೆ, ಸಿರಿಂಜಿನ ದಂಡ ಎಳೆದ ಹಾಗೆ. ಬಾಯೊಳಗೆ ಒತ್ತಡ ಇಳಿದು ಮೀನೋ ಬೊಂಡಾಸವೋ (ಸ್ಕ್ವಿಡ್) ನೀರಿನ ಜೊತೆ ಒಳಗೆ ನುಗ್ಗುತ್ತದೆ. ಕೊಕ್ಕಿನ ತಿಮಿಂಗಿಲಗಳಲ್ಲಿ ಹೆಚ್ಚಿನವಕ್ಕೆ ಹೊರಗೆ ಕಾಣುವುದು ಎರಡೇ ಹಲ್ಲು, ಅದೂ ಗಂಡಿಗೆ. ಆದರೂ ಬೊಂಡಾಸ ತಿಂದುಕೊಂಡು ಆರಾಮಾಗಿವೆ.

ಹಾಗಂತ ಹಲ್ಲಿಲ್ಲದ್ದೆಲ್ಲ ಹೀರುವ ಪ್ರಾಣಿ ಅಂದುಬಿಡುವಂತಿಲ್ಲ. ಚೀನಾದ ಗ್ವಿಝೌ ಪ್ರಾಂತ್ಯದಲ್ಲಿ ಶಾಸ್ತಾಸಾರಸ್ ಎಂಬ ಟ್ರಯಾಸಿಕ್ ಕಾಲದ ಕಡಲ ಸರೀಸೃಪ ಸಿಕ್ಕಿದೆ. ಗಿಡ್ಡ ಮೂತಿ, ಹಲ್ಲಿಲ್ಲ. ಈ ತಿಮಿಂಗಿಲಗಳಂತೆ ಹೀರುತ್ತಿತ್ತು ಎಂದು 2011ರಲ್ಲಿ ಸಂಶೋಧಕರ ಒಂದು ತಂಡ ಬರೆಯಿತು. 2013ರಲ್ಲಿ ಇನ್ನೊಂದು ತಂಡ ಗಂಟಲ ಮೂಳೆ ನೋಡಿ, ಹೀರುವಷ್ಟು ಗಟ್ಟಿತನ ಇದರಲ್ಲಿಲ್ಲ ಎಂದಿತು. ನನಗೂ ಎರಡನೆಯದೇ ಸರಿ ಅನಿಸುತ್ತದೆ. ಅವರು ಕೋಟ್ಯಂತರ ವರ್ಷ ಹಳೆಯ ಕಲ್ಲಿನಲ್ಲಿ ಹುಡುಕಿದ ಮೂಳೆಯನ್ನು ನಾನು ಕೈಗೆ ಸಿಕ್ಕಿದ್ದರೂ ಮಣ್ಣು ಮಾಡಿದ್ದೆ!

ಮುಂದಿನ ಸಲ ಸಿಕ್ಕಿದ್ದು ಎಳೆಯ ಡಾಲ್ಫಿನ್. ಮೊದಲು ನಾಲಿಗೆಯ ಬುಡವನ್ನೇ ಬಿಡಿಸಿ, ಸೊಳ್ಳೆಪರದೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಚೀಟಿ ಹಚ್ಚಿ ಬೇರೆ ಬಕೆಟ್ಟಿನಲ್ಲಿಟ್ಟೆ. ಎಳೆಯದಾದ್ದರಿಂದ ಮೂಳೆ ಇನ್ನೂ ಒಂದಕ್ಕೊಂದು ಬೆಸೆದಿರಲಿಲ್ಲ. ಗಂಟು ಬಿಚ್ಚಿ ಎಣಿಸಿದೆ. ಐದು ತುಂಡು, ಐದೂ ಇದ್ದವು.