ಮೇಲಿನ ಮನೆಗೆ ಖಾನಾಪುರದವರು ಬಂದಾಗ

ಬೆಳಗಾವಿಯಲ್ಲಿ ಕಣಬರ್ಗಿ ಕಡೆಯ ಬಡಾವಣೆಯಲ್ಲಿ ನಮ್ಮ ಮನೆ. ಮೇಲಿನದನ್ನು ಬಾಡಿಗೆಗೆ ಕೊಡುತ್ತೇವೆ. ಹೋದ ವರ್ಷ ಗಂಡ ಹೆಂಡತಿ ಇಬ್ಬರು ನೋಡಲು ಬಂದರು. ಗುಂಗುರು ಕೂದಲು, ಕಪ್ಪು ಬಣ್ಣ. ಕಾಲೇಜಿಗೆ ಹೊರದೇಶದವರು ಬರುತ್ತಾರಲ್ಲ, ಅಂಥವರೇ ಇರಬೇಕು ಅಂದುಕೊಂಡು ಹಿಂದಿಯಲ್ಲಿ ಶುರು ಮಾಡಿದೆ. ಆಕೆ ನಕ್ಕಳು. "ಅಕ್ಕಾರ, ಕನ್ನಡದಾಗ ಮಾತಾಡ್ರಿ. ನಾವು ಇಲ್ಲೇ ಖಾನಾಪುರ ತಾಲೂಕಿನವ್ರು, ಸಿದ್ದಿ ಮಂದಿ."

ನಾಚಿಕೆ ಆಯ್ತು. ಆದರೂ ಯಾವಾಗಲೂ ಮೂರು ತಿಂಗಳ ಅಡ್ವಾನ್ಸ್ ಕೇಳುವ ನಾನು ಅವತ್ತು ಆರು ತಿಂಗಳದ್ದು ಕೇಳಿದೆ. ಯಾಕಂತ ನನಗೂ ಗೊತ್ತಿತ್ತು, ಅವರಿಗೂ. ಸುಮ್ನೆ ಕೊಟ್ಟರು.

ಮರುದಿನವೇ ಪಕ್ಕದ ಮನೆ ಕಾಕೂ ಬಂದರು. "ಆಫ್ರಿಕಾದವ್ರಿಗೆ ಮನಿ ಕೊಟ್ಟೀಯಂತ?"

ನಾನು ಪಾಠ ಶುರು ಮಾಡಿದೆ. ಇವರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದದ್ದು, ಅಲ್ಲಿಂದ ತಪ್ಪಿಸಿಕೊಂಡವರು ಹಳಿಯಾಳ, ಯಲ್ಲಾಪುರ, ಖಾನಾಪುರದ ಕಾಡು ಸೇರಿದ್ದು, ಅದಾಗಿ ನೂರಾರು ವರ್ಷ ಆದದ್ದು. ಅಷ್ಟಕ್ಕೆ ನಿಲ್ಲಿಸಬೇಕಿತ್ತು. "ಅವರ ಮುಂದ ನೀವು ಕೊಲ್ಲಾಪುರದಿಂದ ಬಂದದ್ದು ನಿನ್ನೆ ಮೊನ್ನೆ, ಕಾಕೂ" ಅಂದುಬಿಟ್ಟೆ. ಎಂಟು ದಿನ ಮಾತು ಬಿಟ್ಟರು.

ಆಮೇಲೆ ಪಾಠ ಬಿಟ್ಟೆ. ಮೊದಲು ಆ ಹೆಚ್ಚಿನ ಮೂರು ತಿಂಗಳ ದುಡ್ಡು ವಾಪಸ್ ಕೊಟ್ಟೆ. ಓಣಿಯ ಹುಡುಗರು ಅವರ ಮಗನನ್ನು "ಕ್ರಿಸ್ ಗೇಲ್" ಅಂತ ಕೂಗುತ್ತಿದ್ದರು. ಪಾಪ, ಅವನಿಗೆ ಬ್ಯಾಟು ಹಿಡಿಯಲೂ ಬರುತ್ತಿರಲಿಲ್ಲ. ಬೈಯಲಿಲ್ಲ. ದಿನಾ ಸಂಜೆ ಅವನ ಹೆಸರು ಹಿಡಿದು ಜೋರಾಗಿ ಕರೆದೆ, ಚುರುಮುರಿ ಕೊಡಲಿಕ್ಕೆ. ತಿಂಗಳಲ್ಲಿ ಹುಡುಗರ ಬಾಯಲ್ಲೂ ಅದೇ ಹೆಸರು ಬಂತು, ಚುರುಮುರಿಯ ಆಸೆಗೇ ಇರಬಹುದು. ಆದರೆ 2020ರಲ್ಲಿ ನಮ್ಮ ಜಿಲ್ಲೆಯ ಸಿದ್ದಿಗಳೂ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದನ್ನು ಎತ್ತಿ ಈಗಲೂ ಕೊಂಕು ಮಾತಾಡುವವರು ಒಬ್ಬರಿದ್ದಾರೆ. ಅವರ ಹತ್ತಿರ ನನ್ನ ಆಟ ನಡೆದಿಲ್ಲ.

ಕಾಕೂ ಮನಸ್ಸು ತಿರುಗಿದ್ದು ಕೌದಿಯಿಂದ. ಚಳಿಗಾಲದ ಮಧ್ಯಾಹ್ನ ಮೇಲಿನಾಕೆ ನಮ್ಮ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತಿದ್ದಳು. ನಮ್ಮ ಕಡೆಯೂ ಮನೆಮನೆಯಲ್ಲಿ ಕೌದಿ ಇವೆ, ಅಲ್ವಾ? ಆದರೆ ಸಿದ್ದಿಗಳದ್ದು ಬೇರೆ. ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹಚ್ಚುತ್ತಾ, ಸುತ್ತು ಸುತ್ತು ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಿಚಿದ ಮುಕ್ಕೋನದ ತುಂಡು. ಅದಕ್ಕೆ ಫುಲಾ ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಅಂತೆ.

ಕಾಕೂ ಗೇಟಿನಿಂದಲೇ ನೋಡಿದರು. ಎರಡನೇ ದಿನ ಒಳಗೆ ಬಂದರು. ಮೂರನೇ ದಿನ ಹೊಲಿಗೆ ಮೇಲೆ ಬೆರಳಾಡಿಸಿ, "ನಮ್ಮವ್ವ ಇಷ್ಟು ಸಣ್ಣ ಹೊಲಿಗಿ ಹಾಕತಿರಲಿಲ್ಲ ಬಿಡು" ಅಂದರು. ಆಕೆ ಸೂಜಿ ಕೊಟ್ಟಳು. ಕಾಕೂಗೆ ಕಣ್ಣು ಮಂದ, ದಾರ ಪೋಣಿಸಲು ಆಗಲಿಲ್ಲ. ಆ ಹುಡುಗನೇ ಪೋಣಿಸಿ ಕೊಟ್ಟ.

ಈಗ ಕಾಕೂದೂ ಒಂದು ಕೌದಿ ನಡೆದಿದೆ. ಮೂರು ಮೂಲೆಗೆ ಫುಲಾ ಬಿದ್ದಿದೆ. ನಾಲ್ಕನೆಯದಕ್ಕೆ ಅವರ ಅವ್ವನ ಇಳಕಲ್ ಸೀರೆಯ ಸೆರಗೇ ಬೇಕಂತೆ. ಟ್ರಂಕು ಹುಡುಕುತ್ತಿದ್ದಾರೆ.